ಹಲ್ಲುನೋವಿಗೆ ಹಣೆಯ ಸ್ಕ್ಯಾನ್

“ಅಗಿಯುವಾಗ ದವಡೆ ನೋಯುತ್ತೆ ಅಂದ್ರೆ ಹಣೆಗೆ ಜೆಲ್ ಹಚ್ತೀರಲ್ಲ ಡಾಕ್ಟ್ರಮ್ಮ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು!”

ಮಂಚದ ಮೇಲೆ ಮಲಗಿದ್ದ ಅಜ್ಜಿ ಗೊಣಗಿದಳು. ಸ್ಕ್ಯಾನ್ ಡಾಕ್ಟರ್ ನಕ್ಕರು. “ಸ್ವಲ್ಪ ಸುಮ್ನಿರಿ ಅಜ್ಜಿ. ಮಾತಾಡಿದ್ರೆ ಚಿತ್ರ ಅಲ್ಲಾಡುತ್ತೆ.”

ಅದು ಆಗದ ಮಾತು. ಅಜ್ಜಿ ಬಟ್ಟೆ ಹೊಲಿಯುವವಳು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದರೂ ಮಾತು ನಿಲ್ಲಿಸಿದವಳಲ್ಲ. ತಪ್ಪೆಲ್ಲ ಹಲ್ಲುಸೆಟ್ಟಿನದೇ ಎಂದು ಜಗಳ ಮಾಡಿ ಎರಡು ಸಲ ಸೆಟ್ಟು ಬದಲಾಯಿಸಿದ್ದಳು. ಮೂರನೇ ಸಲ ಆ ಪಾಪದ ಹಲ್ಲಿನ ಡಾಕ್ಟರು, “ತಲೆ ಬಾಚುವಾಗಲೂ ನೋಯುತ್ತಾ?” ಎಂದು ಕೇಳಿ, ಹೌದೆಂದಿದ್ದೇ ತಡ, ಇಲ್ಲಿಗೆ ಚೀಟಿ ಬರೆದುಕೊಟ್ಟಿದ್ದರು.

ಅಮ್ಮ ಹೊರಗೆ ಫಾರಂ ತುಂಬುತ್ತಿದ್ದಳು. ಒಳಗೆ ಅಜ್ಜಿಗೆ ಜೊತೆಯಾಗಿ ಕೂತವಳು ಮೊಮ್ಮಗಳು ಗಿಣಿ. ಕೇಳಿದ್ದನ್ನೆಲ್ಲ ಬೀದಿಗೆಲ್ಲ ಹೇಳುತ್ತಾಳೆಂದು ಅವಳಿಗೆ ಆ ಹೆಸರು. ಆದರೆ ಒಂದು ಗುಟ್ಟು ಮಾತ್ರ ನಾಲ್ಕು ದಿನದಿಂದ ಅವಳ ಹೊಟ್ಟೆಯಲ್ಲೇ ಇತ್ತು.

ಸೋಮವಾರ ಹೊಲಿಯುತ್ತಿದ್ದಾಗ ಅಜ್ಜಿಯ ಬಲಗಣ್ಣು ಇದ್ದಕ್ಕಿದ್ದಂತೆ ಕತ್ತಲಾಗಿ, ಐದು ನಿಮಿಷದ ಮೇಲೆ ಸರಿಹೋಗಿತ್ತು. “ನಿಮ್ಮಮ್ಮನ ಹತ್ರ ಬಾಯಿ ಬಿಟ್ಟೀಯ, ಜೋಕೆ! ನನ್ನ ಮಷಿನ್ನು ಅಟ್ಟ ಸೇರುತ್ತೆ” ಎಂದು ಅಜ್ಜಿ ಆಣೆ ಮಾಡಿಸಿಕೊಂಡಿದ್ದಳು.

ಡಾಕ್ಟರ್ ಗಿಣಿಗೆ ಸ್ಕ್ರೀನ್ ತೋರಿಸಿದರು. “ಇದು ರಕ್ತನಾಳ. ಸುತ್ತ ಕಪ್ಪು ಬಳೆ ಥರ ಇದೆಯಲ್ಲ, ಅದು ಊದಿರೋ ಗೋಡೆ. ನೋಡು, ಒತ್ತಿದ್ರೂ ಹೋಗಲ್ಲ. ದಾರಿ ಕಿರಿದಾಗಿ ದವಡೆಗೆ ರಕ್ತ ಸಾಲ್ದು, ಅದಕ್ಕೇ ಅಗಿಯುವಾಗ ನೋವು. ಊತ ಬೇರೆ ಕಡೆಗೂ ಹರಡಿದೆಯಾ ಅಂತ ಈಗ ಕಂಕುಳಿನ ದೊಡ್ಡ ನಾಳ ನೋಡೋಣ.”

“ಹಲ್ಲಿಂದ ಹಣೆಗೆ, ಹಣೆಯಿಂದ ಕಂಕುಳಿಗೆ! ಹಿಮ್ಮಡೀನೂ ನೋಡ್ಬಿಡಿ!” ಅಂದಳು ಅಜ್ಜಿ.

ಡಾಕ್ಟರ್ ಈಗ ನಗಲಿಲ್ಲ. “ಇಲ್ಲೂ ಊದಿದೆ. ನಿಜ ಹೇಳಿ ಅಜ್ಜಿ, ಕಣ್ಣು ಯಾವಾಗಾದ್ರೂ ಕತ್ತಲಾಗಿತ್ತಾ? ಕಣ್ಣಿನ ನಾಳಕ್ಕೂ ಊತ ಬಂದು ದೃಷ್ಟಿ ಹೋದ್ರೆ ಮತ್ತೆ ಬರೋದು ಕಷ್ಟ.”

“ನನ್ನ ಕಣ್ಣಾ? ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸ್ತೀನಿ!”

ದಾರ ಪೋಣಿಸಿಕೊಡುತ್ತಿದ್ದವಳು ಗಿಣಿ. ಅಜ್ಜಿ ಮಲಗಿದ್ದಲ್ಲಿಂದಲೇ ಅವಳನ್ನು ದುರುಗುಟ್ಟಿ ನೋಡಿದಳು. ಗಿಣಿಗೆ ಆಣೆಯ ಭಯ ಇತ್ತು. ಅಜ್ಜಿಯ ಕಣ್ಣು ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

“ಸೋಮವಾರ ಕತ್ತಲಾಗಿತ್ತು! ಬಲಗಣ್ಣು! ಐದು ನಿಮಿಷ!”

“ಮನೆಮುರುಕಿ!” ಅಂದಳು ಅಜ್ಜಿ.

ಡಾಕ್ಟರ್ ಆಗಲೇ ಫೋನ್ ಎತ್ತಿಕೊಂಡಿದ್ದರು. “ಹ್ಞೂ, ಇವತ್ತೇ. ಈಗಲೇ ಔಷಧಿ ಶುರು ಮಾಡ್ಬೇಕು.” ಫೋನ್ ಇಟ್ಟು ಗಿಣಿಯ ಕಡೆ ತಿರುಗಿದರು. “ಒಳ್ಳೇ ಟೈಮಿಗೆ ಹೇಳ್ದೆ ಪುಟ್ಟಿ.”

ಕಾರಿಡಾರಿನಲ್ಲಿ ಅಜ್ಜಿ ಮುಖ ಊದಿಸಿಕೊಂಡು, ಬೇಕೆಂದೇ ಎರಡು ಹೆಜ್ಜೆ ಮುಂದೆ ನಡೆದಳು. ಆಮೇಲೆ ನಿಂತಳು. ಹಿಂದಿರುಗಿ ನೋಡದೆ ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದಳು.

ಗಿಣಿ ಹಿಡಿದುಕೊಂಡಳು. ಅಜ್ಜಿ ಆ ಪುಟ್ಟ ಕೈಯನ್ನು ಬಿಡದ ಹಾಗೆ ಅವುಚಿಕೊಂಡಳು. ಹಾಗಾದರೆ ಈ ನಾಲ್ಕು ದಿನವೂ ಅಜ್ಜಿ ಹೆದರಿಕೊಂಡೇ ಇದ್ದಳು.

ಗಿಣಿ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಅಮ್ಮ ಕೂತಿದ್ದ ಕಡೆಗೆ ನಡೆದಳು.