ಇಂಚರಳ ನೋಟ

ಜಾದೂಗಾರ ಲೋಹಿತ್ ಬಲಗೈಯಿಂದ ರೇಷ್ಮೆ ವಸ್ತ್ರ ಬೀಸಿದ. ಅದೇ ಹೊತ್ತಿಗೆ ಅವನ ಎಡಗೈ ನಾಣ್ಯವನ್ನು ಕೋಟಿನ ಒಳಜೇಬಿಗೆ ಇಳಿಸಬೇಕಿತ್ತು. ಬೆರಳು ನಡುಗಿ ನಾಣ್ಯ ಒಂದು ಕ್ಷಣ ಬಯಲಲ್ಲೇ ಮಿನುಗಿತು.

ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಪ್ರತಿ ಕುರ್ಚಿಯ ಮುಂದೆ ಕಡಲೆಕಾಳಿನಷ್ಟು ಚಿಕ್ಕ ಮಸೂರವೊಂದು ಕುಳಿತವರ ಕಣ್ಣುಪಾಪೆಯನ್ನು ಅಳೆಯುತ್ತಿತ್ತು. ಗುಟ್ಟು ಕಂಡವರ ಪಾಪೆ, ಅವರಿಗೇ ಅರಿವಾಗುವ ಮೊದಲು, ಚೂರು ಹಿಗ್ಗುತ್ತದೆ. ಆಗ, ಜಾದೂ ಜನರ ಕಣ್ಣು ತಪ್ಪಿಸುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ಅನ್ವಿತಾಳ ಹಲಗೆಯ ಮೇಲೆ ಆ ಕುರ್ಚಿಯ ಹಸಿರು ದೀಪ ಕೆಂಪಾಗುತ್ತದೆ.

ನಲವತ್ತೂ ಹಸಿರಾಗಿಯೇ ಉಳಿದವು.

"ನಾಣ್ಯ ಕಣ್ಣೆದುರಿಗೇ ಇತ್ತು ಸರ್, ಒಬ್ರಿಗೂ ಕಾಣ್ಲಿಲ್ಲ," ಎಂದಳು ಅನ್ವಿತಾ, ಜನ ಎದ್ದುಹೋದ ಮೇಲೆ.

"ಮೂವತ್ತು ವರ್ಷ ಪಳಗಿದ ಕೈ ಅಮ್ಮಾ ಇದು," ಲೋಹಿತ್ ಮೀಸೆ ತಿರುವಿದ.

"ಕೈ ಅಲ್ಲ ಸರ್, ಮೇಡಂ ಕಣ್ಣು." ಅನ್ವಿತಾ ವಸ್ತ್ರ ಮಡಿಸುತ್ತಿದ್ದ ಅವನ ಹೆಂಡತಿ ಇಂಚರಳತ್ತ ತಿರುಗಿದಳು. "ನಾಣ್ಯ ಜಾರೋಕೆ ಅರೆಕ್ಷಣ ಮೊದ್ಲೇ ಇವರು ಹುಬ್ಬೆತ್ತಿ ವಸ್ತ್ರದ ಕಡೆ ನೋಡ್ತಾರೆ. ಜನರ ಕಣ್ಣು ಅದರ ಹಿಂದೇನೇ ಹೋಗುತ್ತೆ. ಜಾದೂ ಮಾಡ್ತಿರೋದು ಇವರು."

"ಇವಳ ಕಣ್ಣಾ! ಎದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ ಇವಳಿಗೆ."

ಇಂಚರ ಗಂಡನ ಜೊತೆ ನಕ್ಕಳು. ಆದರೆ ಮಡಿಸಿದ ವಸ್ತ್ರವನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಮದುವೆಯಾದ ವಾರದಲ್ಲೇ ಅವಳನ್ನು ರಂಗದ ಮೇಲೆ ನಿಲ್ಲಿಸಿ ಅತ್ತೆ ಹೇಳಿದ್ದರು: "ಅವನ ಎಡಗೈ ಮಾತ್ರ ನೋಡ್ಬೇಡ ಕಣೇ. ನೀನು ನೋಡಿದ್ರೆ ಊರೇ ನೋಡುತ್ತೆ." ಅಂದಿನಿಂದ ಅವಳು ನೋಡಿರಲಿಲ್ಲ. ಆ ಅಭ್ಯಾಸ ಮನೆಯೊಳಕ್ಕೂ ಬಂದಿತ್ತು. ಕಳೆದ ವರ್ಷ ಡಾಕ್ಟರು, "ಎಡಗೈ ನಡುಕ ಯಾವಾಗ ಶುರುವಾಯ್ತಮ್ಮಾ?" ಎಂದು ಕೇಳಿದಾಗ ಅವಳಿಗೆ ಉತ್ತರ ಗೊತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಗಂಡನ ಕೈ ಅದು. ಆ ನಾಚಿಕೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಯಾರೋ ಮೊದಲ ಸಲ ಅವಳ ಕೆಲಸಕ್ಕೊಂದು ಹೆಸರು ಕೊಟ್ಟಿದ್ದರು.

ಅವಳ ಮುಖಭಾವಗಳನ್ನು ದಾಖಲಿಸಿಕೊಳ್ಳಲೇ ಎಂದು ಅನ್ವಿತಾ ಕೇಳಿದಾಗ, ಆ ಖುಷಿಯಲ್ಲೇ ಅವಳು ಒಪ್ಪಿದಳು. ನಾಲ್ಕು ತಿಂಗಳು ಅನ್ವಿತಾಳ ಪ್ರಯೋಗಾಲಯಕ್ಕೆ ಹೋಗಿ ಕುಳಿತಳು. ಹುಬ್ಬು ಎಷ್ಟು ಏರುತ್ತದೆ, ರೆಪ್ಪೆ ಯಾವಾಗ ತಡೆಯುತ್ತದೆ, ತುಟಿ ಎಷ್ಟು ಬಿಚ್ಚುತ್ತದೆ, ಎಲ್ಲವನ್ನೂ ಯಂತ್ರ ಬರೆದುಕೊಂಡಿತು. ಕಾಗದಗಳಿಗೆ ಓದದೆ ಸಹಿ ಹಾಕಿದಳು.

ಮೂರು ವರ್ಷ ಕಳೆಯಿತು. ಲೋಹಿತ್ ಪ್ರದರ್ಶನ ನಿಲ್ಲಿಸಿದ್ದ. ಒಂದು ಭಾನುವಾರ ಬೆಳಿಗ್ಗೆ ವಾರ್ಡಿನ ಸಮುದಾಯ ಭವನದಲ್ಲಿ ಸಭೆ ಸೇರಿತು. ದೊಡ್ಡ ಪರದೆಯ ಮೇಲೆ ಯಂತ್ರವೇ ರೂಪಿಸಿದ ಹುಡುಗಿಯೊಬ್ಬಳು ಹೊಸ ಉದ್ಯಾನದ ಬಗ್ಗೆ ಹೇಳುತ್ತಿದ್ದಳು. ಒಪ್ಪಿಗೆಯಿದ್ದವರು ಬಾಗಿಲ ಬಳಿಯ ಫಲಕಕ್ಕೆ ಹೆಬ್ಬೆಟ್ಟು ಒತ್ತಬೇಕು.

ಹುಡುಗಿ ಹುಬ್ಬೆತ್ತಿದಳು. ಅರೆಕ್ಷಣ ಬಿಟ್ಟು ಪರದೆಯ ಮೇಲ್ಭಾಗದಲ್ಲಿ ಬಣ್ಣದ ಕಾರಂಜಿ ಚಿಮ್ಮಿತು.

ಜನರ ನಡುವೆ ಕುಳಿತಿದ್ದ ಇಂಚರ ಮುಂದಕ್ಕೆ ಬಾಗಿದಳು. ಆ ಹುಬ್ಬು ಅವಳದು. ಹಾಗಾದರೆ ಎಡಗೈ ಎಲ್ಲಿದೆ? ಪರದೆಯ ಕೆಳಗೆ ಸಣ್ಣ ಅಕ್ಷರದ ಸಾಲೊಂದು ಹರಿಯುತ್ತಿತ್ತು: ಉದ್ಯಾನದ ಜಾಗಕ್ಕಾಗಿ ವಾರ್ಡಿನ ಹೆರಿಗೆ ಆಸ್ಪತ್ರೆ ಮುಚ್ಚಲಾಗುವುದು, ಮುಂದಿನ ಹೆರಿಗೆಗಳು ಅರವತ್ತು ಕಿಲೋಮೀಟರ್ ದೂರದ ಕೇಂದ್ರದಲ್ಲಿ.

"ಜಬೀನಾ, ಕೆಳಗೆ ಓದೇ! ಆಸ್ಪತ್ರೆ ಮುಚ್ತಾರಂತೆ. ನಿನ್ ಮಗಳು ಎಂಟು ತಿಂಗಳ ಬಸುರಿ!" ಎಂದಳು ಇಂಚರ.

ಪಕ್ಕದ ಮನೆಯ ಜಬೀನಾ ಕೆಳಗೆ ನೋಡಲು ಕತ್ತು ಬಗ್ಗಿಸಿದಳು. ಅಷ್ಟರಲ್ಲಿ ಪರದೆಯ ಹುಡುಗಿ "ಅರೆ!" ಎಂದಳು. ಜಬೀನಾಳ ಮುಖ ತಾನಾಗಿ ಮೇಲೆದ್ದಿತು.

"ಎಷ್ಟ್ ಚಂದ ಇದೆ ನೋಡಕ್ಕಾ, ನವಿಲಿನ ಗರಿ ಥರ! ನೀನೊಬ್ಳು, ಎಲ್ಲದ್ರಲ್ಲೂ ಹುಳುಕು ಹುಡುಕ್ತೀಯ," ಎಂದು ಎದ್ದುಹೋಗಿ ಹೆಬ್ಬೆಟ್ಟು ಒತ್ತಿದಳು.

ಇಂಚರ ಹೊರಗೋಡಿ ಬಂದು ಅನ್ವಿತಾಳಿಗೆ ಕರೆ ಮಾಡಿದಳು. "ನನ್ನ ಮುಖ ವಾಪಸ್ ಕೊಡ್ರಮ್ಮಾ."

ಅನ್ವಿತಾ ದನಿ ತಗ್ಗಿಸಿದಳು. "ಸಂಸ್ಥೆ ಅದನ್ನ ಮಾರಿಬಿಡ್ತು ಮೇಡಂ. ಮ್ಯಾಜಿಕ್ ಬಗ್ಗೆ ಪುಸ್ತಕ ಬರೀಬೇಕು ಅಂತ ಇದ್ದೆ ನಾನು."

"ಹಾಗಾದ್ರೆ ನಿಮ್ಮ ಆ ಮಸೂರಾನಾದ್ರೂ ಜನರ ಕೈಗೆ ಕೊಡಿ. ಗುಟ್ಟು ಯಾರಿಗೆ ಕಾಣ್ತು, ಯಾರಿಗೆ ಕಾಣ್ಲಿಲ್ಲ ಅಂತ ಗೊತ್ತಾಗ್ಲಿ."

"ಅದೂ ಆ ಪರದೇಲೇ ಇದೆ. ದೀಪ ಕೆಂಪಾದವರು ಎಲ್ಲಿ ಕೂತಿದಾರೆ ಅಂತ ಅದು ನೋಡುತ್ತೆ. ಆಮೇಲೆ ಅವರಿಗೋಸ್ಕರಾನೇ ಇನ್ನೊಂದ್ಸಲ ಹುಬ್ಬೆತ್ತುತ್ತೆ. ನನ್ ಕೈಲಿ ಏನೂ ಆಗಲ್ಲ ಮೇಡಂ."

ಇಂಚರಳ ಅಮ್ಮನ ಕಾಲದಲ್ಲಿ ಪರದೆಗಳು ಅಂಗೈಯಗಲ ಇದ್ದವು. ಆಗಲೂ ಯಾರದೋ ಮುಖ ಅಚ್ಚರಿಪಟ್ಟರೆ ಎಲ್ಲರೂ ಅತ್ತ ನೋಡುತ್ತಿದ್ದರು. ಕೆಳಗೆ ಏನು ಹರಿದುಹೋಯಿತೆಂದು ಆಗ ಯಾರೂ ಕೇಳಿರಲಿಲ್ಲ.

ಇಂಚರ ಮತ್ತೆ ಒಳಗೆ ಹೋದಳು. ಆಸ್ಪತ್ರೆ ಎಂದು ಮುಚ್ಚುತ್ತದೆ, ತಕರಾರು ಎಲ್ಲಿ ಕೊಡಬೇಕು, ಅಷ್ಟನ್ನಾದರೂ ಓದಿಕೊಂಡು ಬರಬೇಕು. ಮೊದಲ ಸಾಲಿನಲ್ಲಿ ನಿಂತು ಕೆಳಗಿನ ಅಕ್ಷರಗಳ ಮೇಲೆ ಕಣ್ಣು ನೆಟ್ಟಳು. ಸಾಲು ತಿರುಗಿ ಬಂತು. 'ತಕರಾರು ಇರುವವರು' ಎಂಬಲ್ಲಿಗೆ ಬಂದಾಗ ಪರದೆಯ ಹುಡುಗಿ ಅವಳತ್ತ ವಾಲಿ, ಅವಳದೇ ಹುಬ್ಬನ್ನು ಮೆಲ್ಲಗೆ ಎತ್ತಿದಳು.

ಗುಟ್ಟು ಗೊತ್ತಿದ್ದರೂ ಇಂಚರಳ ಕಣ್ಣು ಕಾರಂಜಿಯ ಕಡೆ ಹೋಯಿತು. ನಿಜಕ್ಕೂ ಚಂದವಿತ್ತು. ಅವಳು ಕೆಳಗೆ ನೋಡುವಷ್ಟರಲ್ಲಿ ಸಾಲು ಮುಗಿದಿತ್ತು.