ಹುಳ ಅಳತೆ ಹಿಡಿದು ತಿಂದ ಬಳ್ಳಿ

ಗದ್ವಾಲದ ನೇಕಾರರ ಓಣಿಗೆ ನರ್ಸರಿಯ ನರೇಂದ್ರ ಆ ತಿಂಗಳು ಮೂರನೆಯ ಸಲ ಬಂದ. ನವನೀತಾ ಮಗ್ಗದಿಂದ ಎದ್ದು ಅಂಗಳಕ್ಕೆ ಬರುವಷ್ಟರಲ್ಲಿ ಅವನು ಕ್ಲೆಮ್ಯಾಟಿಸ್ ಎಂಬ ಹೂಬಳ್ಳಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಹೈದರಾಬಾದಿನಿಂದ ತರಿಸಿ ಅವನೇ ಹಚ್ಚಿದ ಬಳ್ಳಿ. ತಲೆಗೆ ಬಿಸಿಲು ಬೇಕು, ಬೇರಿಗೆ ನೆರಳು ಬೇಕು ಎಂದು ಬುಡಕ್ಕೆ ಒಡೆದ ಹೆಂಚು ಮುಚ್ಚಿದವನೂ ಅವನೇ.

“ಮತ್ತ ಹುಳ ಬಿದ್ದಾವ್ರಿ,” ಎಂದಳು.

“ಹೌದೇನ್ರಿ.”

ಅವನು ಒಂದೊಂದೇ ಕುಡಿ ಎತ್ತಿ ನೋಡಿದ. ಉಗುರಿನಲ್ಲಿ ಮಣ್ಣಿದ್ದ ಆ ಬೆರಳುಗಳನ್ನು ಅವಳು ನೋಡುತ್ತ ನಿಂತಳು. ಅವನು ಬರದ ದಿನಗಳಲ್ಲಿ ಲಾಳಿ ಕೈತಪ್ಪುತ್ತಿತ್ತು, ಅಂಚಿನ ಎಳೆ ಹರಿಯುತ್ತಿತ್ತು, ಅಪ್ಪ ಅಂಜಯ್ಯನಿಂದ ಬೈಗುಳ ಬೀಳುತ್ತಿತ್ತು.

“ಸೋಮವಾರದಿಂದ ನಾ ಮಕ್ತಲದಾಗ ಇರ್ತೀನ್ರಿ. ಹೊಸ ನರ್ಸರಿ ನಾನ ನೋಡ್ಕೋಬೇಕು. ಇಲ್ಲಿಗೆ ಸಾಯಣ್ಣ ಬರ್ತಾನ.”

ನರ್ಸರಿಯ ಮಾಲಿ ಸಾಯಣ್ಣನಿಗೆ ಅರವತ್ತು ದಾಟಿತ್ತು.

“ಒಂದ್ ಮಾತು,” ಅವನು ತಲೆಯೆತ್ತದೆ ಕೇಳಿದ. “ಹುಳ ಅಳತಿ ಹಿಡಿದು ತಿಂತಾವೇನ್ರಿ? ಹದಿನೇಳು ಕುಡಿ, ಎಲ್ಲಾ ಬರಾಬರ್ ಒಂದ ಸಮ. ಸೆರಗಿನ ದಾರ ಕತ್ತರಿಸಿದಂಗ.”

ಅವಳ ಕಿವಿ ಬಿಸಿಯಾಯಿತು. “ಆಡು ತಿಂದಿರಬೇಕು.”

“ಹುಳ ಹೋಗಿ ಆಡು ಬಂತು. ಆಡಿನ ಬಾಯಾಗ ಕತ್ತರಿ ಇತ್ತೇನ್ರಿ?”

ಅವಳು ಕಂಬಕ್ಕೆ ಒರಗಿದಳು.

“ಬಳ್ಳಿ ಕತ್ತರಿಸೋದು ಕಣ್ಣು ನೋಡಿ. ಚಿಗುರು ಒಡಿಯೋ ಕಣ್ಣಿನ ಸ್ವಲ್ಪ ಮ್ಯಾಲ. ನೀವು ಮೊಗ್ಗು ಬಿಡೋ ತುದೀನ ತೆಗದೀರಿ. ಈ ವರ್ಷ ಹೂ ಇಲ್ಲ.”

“ಗೊತ್ತೈತಿ,” ಎಂದಳು. “ಹೂ ಬಿಟ್ಟಿದ್ರ ನೀವು ಯಾಕ ಬರ್ತಿದ್ರಿ?”

ಹೇಳಿಬಿಟ್ಟ ಮೇಲೆ ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಎರಡು ವರ್ಷ ಈ ಮನುಷ್ಯ ಗೊಬ್ಬರದ ಮಾತು ಬಿಟ್ಟು ಬೇರೇನೂ ಆಡಿರಲಿಲ್ಲ.

ನರೇಂದ್ರ ಕುಡಿಯನ್ನು ನಿಧಾನವಾಗಿ ಕೈಬಿಟ್ಟ. “ಹೂ ನೋಡೋ ನೆವದಾಗ ಬರಬಹುದು ಅಂತ ನಾ ಹಚ್ಚಿದ್ದೆ.”

ಇಬ್ಬರೂ ಬಳ್ಳಿಯನ್ನೇ ನೋಡಿದರು. ಅದರಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

“ಅಪ್ಪಾರು ಒಳಗ ಅದಾರೇನ್ರಿ?”

“ಅದಾರ.”

“ಕೇಳಲೇನು?”

“ಸೋಮವಾರ ಆದಮ್ಯಾಲ ಕೇಳ್ತೀರೇನು?”

ಅವನು ಎದ್ದು ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದ.

“ಏನಪಾ, ಬಳ್ಳಿ ಉಳೀತೈತೇನು?” ಅಂಜಯ್ಯನ ದನಿ ಕೇಳಿತು.

“ಬಳ್ಳಿ ಮಾತಲ್ಲರಿ, ಕಾಕಾ.”

ಅಂಗಳದಲ್ಲಿ ನವನೀತಾ ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟಳು. ಒಳಗೆ ಅಪ್ಪನ ಮಗ್ಗದ ಸದ್ದು ನಿಂತಿತು.