ಹದಿನೇಳು ದಿನದ ಬೈಕು

ನೀಲಿ ಟ್ಯಾಂಕಿನ ಮೇಲೆ ಒಂದೇ ಗೀರು. ಈ ತುದಿಯಿಂದ ಆ ತುದಿಗೆ, ತಗಡು ಕಾಣುವಷ್ಟು ಆಳ.

ಶುಕ್ರವಾರ ಮಧ್ಯಾಹ್ನ ಸಕ್ಲೇನ್ ನಮಾಜಿಗೆ ಹೋಗಿದ್ದಾಗ, ಕೊಪ್ಪದ ಅವನ ಚಪ್ಪಲಿ ಅಂಗಡಿಯ ಎದುರಿನಿಂದ ಬೈಕು ಕಾಣೆಯಾಗಿತ್ತು. ಎರಡು ಗಂಟೆಯ ಬಳಿಕ ಪಕ್ಕದ ಊರು ನಾರ್ವೆಗೆ ಹೋಗುವ ರಸ್ತೆಯ ಅಂಚಿನಲ್ಲಿ ಸಿಕ್ಕಿತು. ಮೆತ್ತನೆ ಮಣ್ಣು. ಅಡಿಗೆ ಚಪ್ಪಟೆ ಕಲ್ಲಿಟ್ಟು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು.

"ಕೀಲಿ ಯಾಕೆ ಅದರಲ್ಲೇ ಬಿಟ್ರಿ?" ಸಬ್ ಇನ್‌ಸ್ಪೆಕ್ಟರ್ ಅರ್ಪಣಾ ಕೇಳಿದಳು.

"ಮೀಟರ್ ಲೈಟ್ ತೋರಿಸು ಅಂತ ಎಲ್ಲರೂ ಕೇಳ್ತಾರೆ ಮೇಡಂ. ಮರೆತೆ." ಸಕ್ಲೇನನ ಬೆರಳು ಗೀರಿನ ಮೇಲೆಯೇ ಇತ್ತು. "ಇದು ಸುಂದರೇಶನದ್ದೇ ಕೆಲಸ. ನಿನ್ನೆ ಕೇಳದೆ ಹತ್ತಿ ಕೂತಿದ್ದ. ಇಳಿಸಿದೆ. 'ಒಂದು ಗೀರು ಬಿದ್ರೆ ನಿನ್ನ ಗತ್ತು ಇಳೀತದೆ ಮಾರಾಯ' ಅಂದ."

ಅರ್ಪಣಾ ಯಾರೂ ಮುಟ್ಟದಂತೆ ಬೈಕನ್ನು ಟೆಂಪೋದಲ್ಲಿ ಠಾಣೆಗೆ ತರಿಸಿದಳು.

* * *

ಸುಂದರೇಶ್ ಠಾಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದ. ಅಷ್ಟು ಎತ್ತರ. ತೋಟದ ಕೂಲಿ ಬಿಟ್ಟು ಸೋಮವಾರ ಶೃಂಗೇರಿ ಬಸ್ಸಿಗೆ ಡ್ರೈವರ್ ಆಗಿ ಸೇರುವವನಿದ್ದ.

"ಅಂದದ್ದು ಹೌದು ಮೇಡಂ. ಹೊಟ್ಟೆ ಉರೀತು. ಆ ಬೈಕ್ ಕಂಡ್ರೆ ಯಾರಿಗೆ ಉರಿಯೋದಿಲ್ಲ?"

"ಮಧ್ಯಾಹ್ನ ಎಲ್ಲಿದ್ದೆ?"

"ನಾರ್ವೆಯಿಂದ ನಡ್ಕೊಂಡು ಬರ್ತಿದ್ದೆ. ನೋಡಿದವರು ಯಾರೂ ಇಲ್ಲ." "ಕೇಸ್ ಅಂತ ಆದ್ರೆ ಬಸ್ಸಿನವರು ಸ್ಟೇರಿಂಗ್ ಮುಟ್ಲಿಕ್ಕೆ ಬಿಡೋದಿಲ್ಲ."

ಅರ್ಪಣಾ ಅವನನ್ನು ಬೈಕಿನ ಮೇಲೆ ಕೂರಿಸಿದಳು.

"ಬಲಗಡೆ ಕನ್ನಡೀಲಿ ಎಂತ ಕಾಣ್ತದೆ?"

"ನನ್ನ ಅಂಗಿ ಗುಂಡಿ."

ಆಮೇಲೆ ತಾನೂ ಕೂತು ನೋಡಿದಳು.

* * *

ಚಪ್ಪಲಿ ಅಂಗಡಿಯಲ್ಲಿ ಸಕ್ಲೇನನ ಅಣ್ಣ ಮುಬಶಿರ್ ಸ್ಟೂಲ್ ಹತ್ತಿ ಡಬ್ಬ ತೆಗೆಯುತ್ತಿದ್ದ. ಹೊರಗೆ ಅವನ ಹಳೆಯ ಸ್ಕೂಟರು.

"ಇದಕ್ಕೆ ಸೈಡ್ ಸ್ಟ್ಯಾಂಡ್ ಇಲ್ವಾ?" ಅರ್ಪಣಾ ಕೇಳಿದಳು.

"ಇಲ್ಲ ಮೇಡಂ. ಡಬಲ್ ಸ್ಟ್ಯಾಂಡೇ. ಮಣ್ಣಲ್ಲಿ ಹೂತು ಹೋಗ್ತದೆ ಅಂತ ಅಡಿಗೆ ಕಲ್ಲು ಇಡ್ತೇನೆ."

"ನಮಾಜಿಗೆ ಹೋಗಿದ್ರಾ?"

"ಹಿಂದಿನ ಸಾಲಲ್ಲಿದ್ದೆ."

* * *

ಸಂಜೆ ಸಕ್ಲೇನ್, ಸುಂದರೇಶ್, ಮುಬಶಿರ್ ಮೂವರೂ ಠಾಣೆಯ ಅಂಗಳದಲ್ಲಿ ನಿಂತಿದ್ದರು.

"ಸಕ್ಲೇನ್, ನೀವು ಇದಕ್ಕೆ ಡಬಲ್ ಸ್ಟ್ಯಾಂಡ್ ಹಾಕಿದ್ದುಂಟಾ?"

"ಒಂದು ದಿನವೂ ಇಲ್ಲ."

"ಹಾಳು ಮಾಡ್ಲಿಕ್ಕೆ ಬಂದವ ಬೈಕ್ ಬೀಳದ ಹಾಗೆ ಕಲ್ಲಿಟ್ಟು ನಿಲ್ಲಿಸಿದ್ದಾನೆ. ಹಳೇ ಸ್ಕೂಟರಿನ ಅಭ್ಯಾಸ. ಇನ್ನು ಕನ್ನಡಿ. ಅದು ರಸ್ತೆ ಕಡೆ ಇಲ್ಲ, ಓಡಿಸುವವನ ಮುಖಕ್ಕೆ ತಿರುಗಿದೆ. ಸುಂದರೇಶನಿಗೆ ಎದೆ ಕಂಡಿತು. ನನಗೆ ನನ್ನ ಕಣ್ಣು ಕಂಡಿತು. ಅಂದ್ರೆ ಓಡಿಸಿದವ ನನ್ನಷ್ಟೇ ಎತ್ತರ. ಹಿಂದಿನ ಸಾಲಿಂದ ಎದ್ದು ಹೋದವರನ್ನ ಯಾರೂ ನೋಡೋದಿಲ್ಲ. ಮುಬಶಿರ್, ನೀವು ಹತ್ತಿ ಕೂರಿ."

ಮುಬಶಿರ್ ಕದಲಲಿಲ್ಲ.

"ಭಾಯಿ?" ಅಂದ ಸಕ್ಲೇನ್.

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ಇವನನ್ನ ಶಾಲೆಗೆ ಬಿಟ್ಟದ್ದು ಆ ಸ್ಕೂಟರಿನಲ್ಲೇ," ಅಂದ ಮುಬಶಿರ್. "ಈ ಬೈಕ್ ಬಂದ ಹದಿನೇಳು ದಿನದಿಂದ ಚಪ್ಪಲಿಗೆ ಬಂದವರೂ ಇವನನ್ನೇ ಕರೀತಾರೆ. ನಾನು ಅಲ್ಲೇ ಇರ್ತೇನೆ."

"ಕನ್ನಡಿ ಯಾಕೆ ತಿರುಗಿಸಿದ್ರಿ?"

"ಅದರ ಮೇಲೆ ನಾನು ಹೇಗೆ ಕಾಣ್ತೇನೆ ಅಂತ ನೋಡ್ಬೇಕಿತ್ತು."

"ಹೇಗೆ ಕಂಡ್ರಿ?"

"ಸ್ಕೂಟರಿನ ಮೇಲಿದ್ದ ಹಾಗೇ." ಮುಬಶಿರ್ ಅಂಗಡಿಯ ಕೀಲಿ ತೆಗೆದು ಸೀಟಿನ ಮೇಲಿಟ್ಟ. ಮೊನೆಗೆ ನೀಲಿ ಬಣ್ಣ ಮೆತ್ತಿತ್ತು.

ದೂರು ಬೇಡ ಅಂದ ಸಕ್ಲೇನ್, ಅಣ್ಣನ ಮುಖ ನೋಡದೆ. ಬೈಕನ್ನು ಹೊರಗೆ ತಳ್ಳಿಕೊಂಡು ಬಂದು ಸುಂದರೇಶನ ಪಕ್ಕ ನಿಲ್ಲಿಸಿದ.

"ಬಾ, ಮನೆಗೆ ಬಿಡ್ತೇನೆ."

"ಬೇಡ ಮಾರಾಯ, ನಡ್ಕೊಂಡೇ ಹೋಗ್ತೇನೆ. ಸೋಮವಾರ ನೀನು ನನ್ನ ಬಸ್ ಹತ್ತು. ಇಳಿ ಅಂತ ನಾನು ಹೇಳೋದಿಲ್ಲ."